ಸಿಡಿಲಮರಿಯ ಸವಾರ

ಪ್ರತಿದಿನ ಹತ್ತು ಗಂಟೆಗೆ ಮೊದಲು ನಮ್ಮ ಕಾಲೇಜಿನ ಬೇವಿನ ಮರದಡಿಯಲ್ಲಿ ನಿಂತರೆ ಒಂದು ವಿಚಿತ್ರವಾದ ಭಾಷೆ ಕಿವಿಗೆ ಬೀಳುತ್ತದೆ. ಒಬ್ಬನು ತನ್ನ ಗಾಡಿಗೆ ಪಿಕಪ್ ಹೋಯಿತೆನ್ನುತ್ತಾನೆ. ಇನ್ನೊಬ್ಬನು ನಿಂತಲ್ಲಿಯೇ ಸುಮ್ಮನೆ ರೇಸ್ ಕೊಡುತ್ತಾನೆ. ಮತ್ತೊಬ್ಬನ ಗಾಡಿ ರಿಸರ್ವಿಗೆ ಬಂದಿರುತ್ತದೆ. ಇಬ್ಬರು ಕುಳಿತರೆ ಡಬಲ್, ಮೂವರು ಕುಳಿತರೆ ತ್ರಿಬಲ್. ನಮ್ಮ ಅಜ್ಜಂದಿರು ಎತ್ತು ಕಟ್ಟುತ್ತಿದ್ದ ಗಾಡಿಯ ಹೆಸರನ್ನು ನಾವು ಮೋಟಾರ್ ಸೈಕಲ್ಲಿಗೆ ಕೊಟ್ಟುಬಿಟ್ಟಿದ್ದೇವೆ. ಕುದುರೆಯಿದ್ದ ಕಾಲದಲ್ಲಿ ಜೀನು, ಲಗಾಮು, ರಿಕಾಪುಗಳೆಂಬ ಮಾತುಗಳಿದ್ದಂತೆ ಈ ವಾಹನಕ್ಕೂ ಅದರದೇ ಆದ ಒಂದು ಮಾತಿನ ಭಂಡಾರ ಬೆಳೆದಿದೆ. ಸವಾರರು ಎಲ್ಲಿದ್ದರೂ, ಯಾವ ದೇಶದವರಾಗಿದ್ದರೂ, ತಮ್ಮ ಗಾಡಿಯ ವಿಷಯದಲ್ಲಿ ತಮ್ಮವೇ ಆದ ಮಾತುಗಳನ್ನು ಕಟ್ಟಿಕೊಳ್ಳುತ್ತಾರೆ.

ಕಳೆದ ವರ್ಷ ಇತಿಹಾಸದ ತರಗತಿಯಲ್ಲಿ ಮೊದಲನೆಯ ಮಹಾಯುದ್ಧವನ್ನು ಪಾಠ ಹೇಳುತ್ತಿದ್ದ ನಮ್ಮ ಅಧ್ಯಾಪಕರು ಅರೇಬಿಯದ ಲಾರೆನ್ಸನ ಹೆಸರನ್ನು ಹೇಳಿದರು. ಯುದ್ಧದಲ್ಲಿ ಸಾಯದ ಆ ಮನುಷ್ಯ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತನೆಂದು ಹೇಳಿ ಅವರು ಮುಂದಕ್ಕೆ ಹೋದರು. ನಾನು ಮಾತ್ರ ಅಲ್ಲಿಯೇ ನಿಂತೆ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಆ ದಿನವೇ ಗ್ರಂಥಾಲಯಕ್ಕೆ ಹೋಗಿ ಅವನನ್ನು ಕುರಿತು ದೊರೆತುದನ್ನು ಓದತೊಡಗಿದೆ. ಹಾಗೆ ಓದಿ ತಿಳಿದುದನ್ನು ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ತಾಮಸ್ ಎಡ್ವರ್ಡ್ ಲಾರೆನ್ಸನು ೧೮೮೮ನೆಯ ಆಗಸ್ಟ್ ೧೬ರಂದು ವೇಲ್ಸ್ ಸೀಮೆಯ ಟ್ರೆಮಾಡಾಗ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಅವನ ತಂದೆ ಐರ್ಲೆಂಡಿನ ಸಿರಿವಂತ ಮನೆತನದವನು. ಮೊದಲ ಹೆಂಡತಿಯನ್ನೂ ಆಸ್ತಿಯನ್ನೂ ಬಿಟ್ಟು, ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಹೆಂಗಸಿನೊಡನೆ ಹೊರಟು, ಲಾರೆನ್ಸ್ ಎಂಬ ಬೇರೆ ಹೆಸರನ್ನು ಇಟ್ಟುಕೊಂಡು ಸಂಸಾರ ಹೂಡಿದ್ದನು. ಆ ಸಂಸಾರದ ಐದು ಮಂದಿ ಗಂಡುಮಕ್ಕಳಲ್ಲಿ ನಮ್ಮ ಕಥಾನಾಯಕನು ಎರಡನೆಯವನು. ಹೀಗೆ ತನ್ನದಲ್ಲದ ಹೆಸರನ್ನು ಹೊತ್ತುಕೊಂಡೇ ಹುಟ್ಟಿದ ಅವನು ಮುಂದೆ ಇನ್ನೂ ಎರಡು ಹೆಸರುಗಳನ್ನು ತಾನಾಗಿ ಹೊತ್ತುಕೊಂಡನು.

೧೮೯೬ರಲ್ಲಿ ಈ ಕುಟುಂಬ ಆಕ್ಸ್‌ಫರ್ಡಿನಲ್ಲಿ ನೆಲೆಸಿತು. ಹುಡುಗನಿಗೆ ಹಳೆಯ ಕೋಟೆಗಳ ಹುಚ್ಚು, ಅದರ ಜೊತೆಗೆ ಸೈಕಲ್ಲಿನ ಹುಚ್ಚು. ೧೯೦೮ರ ಬೇಸಗೆಯಲ್ಲಿ ಅವನು ಫ್ರಾನ್ಸ್ ದೇಶದ ಕೋಟೆಗಳನ್ನು ನೋಡುವುದಕ್ಕಾಗಿ ಸುಮಾರು ೨,೪೦೦ ಮೈಲಿಗಳನ್ನು ಸೈಕಲ್ ತುಳಿದೇ ಸುತ್ತಿದನು. ಮರುವರ್ಷ ಸಿರಿಯ ದೇಶಕ್ಕೆ ಹೋಗಿ ಸುಮಾರು ಸಾವಿರ ಮೈಲಿ ಕಾಲ್ನಡಿಗೆಯಲ್ಲಿ ತಿರುಗಿ, ಧರ್ಮಯುದ್ಧಗಳ ಕಾಲದ ದುರ್ಗಗಳನ್ನು ಕಂಡುಬಂದನು. ಅದನ್ನೇ ಪ್ರಬಂಧವಾಗಿ ಬರೆದು ೧೯೧೦ರಲ್ಲಿ ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿನಿಂದ ಇತಿಹಾಸದಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದನು. ಇತಿಹಾಸವನ್ನು ಪುಸ್ತಕದಲ್ಲಿ ಮಾತ್ರ ಓದುವ ನಮ್ಮಂಥವರಿಗೆ ಇದು ಒಂದು ಪಾಠ. ಅನಂತರ ನಾಲ್ಕು ವರ್ಷಗಳ ಬಹುಭಾಗವನ್ನು ಯೂಫ್ರೆಟಿಸ್ ನದಿಯ ದಡದ ಕಾರ್ಕೆಮಿಷ್ ಎಂಬ ಪುರಾತನ ನಗರದ ಉತ್ಖನನದಲ್ಲಿ ಕಳೆದನು. ಕೂಲಿಯಾಳುಗಳೊಡನೆ ಬೆರೆತು ಅರಬ್ಬೀ ಮಾತನ್ನೂ ಅವರ ರೀತಿನೀತಿಗಳನ್ನೂ ಕಲಿತನು.

೧೯೧೪ರಲ್ಲಿ ಯುದ್ಧ ಹೊತ್ತಿಕೊಂಡಿತು. ಲಾರೆನ್ಸನು ಕೈರೋ ನಗರದಲ್ಲಿ ಸೈನ್ಯದ ಗುಪ್ತವಾರ್ತಾ ಶಾಖೆಯನ್ನು ಸೇರಿದನು. ೧೯೧೬ರಲ್ಲಿ ಅರಬರು ತುರ್ಕರ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ ಅವನು ರಾಜಕುಮಾರ ಫೈಸಲನ ಬಳಿಗೆ ಹೋಗಿ, ಒಂಟೆಯೇರಿ ಅವರೊಡನೆ ಮರುಭೂಮಿಯನ್ನು ಸುತ್ತಿದನು. ಹಿಜಾಜ್ ರೈಲುದಾರಿಯ ಮೇಲೆ ಸಿಡಿಮದ್ದಿಟ್ಟು ಹಳಿಗಳನ್ನು ಕಿತ್ತನು. ೧೯೧೭ರ ಜುಲೈನಲ್ಲಿ ಅಕಾಬ ಬಂದರು ಸಮುದ್ರದ ಕಡೆಯಿಂದಲ್ಲ, ಮರುಭೂಮಿಯ ಕಡೆಯಿಂದ ಬಂದವರ ಕೈಗೆ ಸಿಕ್ಕಿತು. ೧೯೧೮ರ ಅಕ್ಟೋಬರ್ ಮೊದಲಲ್ಲಿ ದಮಾಸ್ಕಸ್ ಬಿದ್ದಿತು. ಇಲ್ಲಿ ನಾವು ಮರೆಯಬಾರದ ಸಂಗತಿಯೊಂದಿದೆ. ದಮಾಸ್ಕಸ್ ಬೀಳುವುದಕ್ಕೆ ಒಂದು ವಾರ ಮೊದಲು, ಸೆಪ್ಟೆಂಬರ್ ೨೩ರಂದು, ಅದೇ ರಣರಂಗದ ಹೈಫ ನಗರವನ್ನು ಗೆದ್ದವರಲ್ಲಿ ನಮ್ಮ ಮೈಸೂರಿನ ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಜೋಧಪುರದವರೊಡನೆ ಈಟಿ ಹಿಡಿದು ಗುಂಡಿನ ಮಳೆಗೆ ಎದುರಾಗಿ ಕುದುರೆ ಓಡಿಸಿದವರು ಅವರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿಗೆ ಸೇರಿದ್ದು. ಲಾರೆನ್ಸನ ಹೆಸರನ್ನು ಜಗತ್ತೇ ಬಲ್ಲದು. ಆ ಸವಾರರ ಹೆಸರುಗಳನ್ನು ನಮ್ಮಲ್ಲಿಯೇ ಬಲ್ಲವರು ಕಡಮೆ.

ಅವನು ಬ್ರಿಟಿಷ್ ಸಾಮ್ರಾಜ್ಯದ ಸೇವಕನಾಗಿದ್ದನೆಂಬುದನ್ನು ಭಾರತೀಯರಾದ ನಾವು ಮುಚ್ಚಿಡಬೇಕಾಗಿಲ್ಲ. ಅರಬರಿಗೆ ಸ್ವಾತಂತ್ರ್ಯದ ಆಸೆ ತೋರಿಸಿದ ಬ್ರಿಟನ್, ೧೯೧೬ರಲ್ಲಿಯೇ ಫ್ರಾನ್ಸಿನೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಆ ನಾಡುಗಳನ್ನು ಹಂಚಿಕೊಂಡಿದ್ದಿತು. ಯುದ್ಧ ನಡೆಯುತ್ತಿರುವಾಗಲೇ ಲಾರೆನ್ಸನಿಗೆ ಇದು ತಿಳಿದಿತ್ತು. ತಿಳಿದೂ ಅರಬರನ್ನು ಮುಂದೆ ನಡೆಸಿದೆನೆಂಬ ಅಳುಕು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ರಾಜನು ಕೊಡಲು ಬಂದ ಗೌರವಗಳನ್ನು ಅವನು ನಿರಾಕರಿಸಿದನು. ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಅರಬರ ಪರವಾಗಿ ವಾದಿಸಿದನು, ಫಲ ದೊರೆಯಲಿಲ್ಲ. ೧೯೨೧-೨೨ರಲ್ಲಿ ಚರ್ಚಿಲನ ಸಲಹೆಗಾರನಾಗಿ ಕೆಲವು ಕಾಲ ದುಡಿದನು.

ಆಮೇಲೆ ಅವನು ಮಾಡಿದ ಕೆಲಸ ಯಾರೂ ನಿರೀಕ್ಷಿಸದಂಥದು. ಕರ್ನಲ್ ಪದವಿಗೇರಿದ್ದ ಅವನು ೧೯೨೨ರ ಆಗಸ್ಟಿನಲ್ಲಿ ರಾಸ್ ಎಂಬ ಸುಳ್ಳು ಹೆಸರಿನಲ್ಲಿ ವಾಯುಸೇನೆಯ ಅತ್ಯಂತ ಕೆಳಗಿನ ದರ್ಜೆಯ ಸಿಪಾಯಿಯಾಗಿ ಸೇರಿಕೊಂಡನು. ಪತ್ರಿಕೆಯವರು ಕೆಲವೇ ತಿಂಗಳಲ್ಲಿ ಗುಟ್ಟನ್ನು ಒಡೆದರು. ಸೇನೆ ಅವನನ್ನು ಹೊರಗೆ ಕಳಿಸಿತು. ಅವನು ಸೋಲಲಿಲ್ಲ. ೧೯೨೩ರಲ್ಲಿ ಶಾ ಎಂಬ ಹೆಸರಿನಿಂದ ಬೋವಿಂಗ್‌ಟನ್ ಎಂಬಲ್ಲಿ ಟ್ಯಾಂಕು ದಳವನ್ನು ಸೇರಿ, ೧೯೨೫ರಲ್ಲಿ ಮತ್ತೆ ವಾಯುಸೇನೆಗೆ ಬಂದನು. ಈ ಸಿಪಾಯಿಯ ದಿನಗಳಲ್ಲಿಯೇ ಮೋಟಾರ್ ಸೈಕಲ್ಲು ಅವನ ಜೀವದ ಗೆಳೆಯನಾಯಿತು.

ನಾಟಿಂಗ್‌ಹ್ಯಾಮ್ ನಗರದಲ್ಲಿ ಜಾರ್ಜ್ ಬ್ರಫ್ ಎಂಬವನು ೧೯೧೯ರಲ್ಲಿ ಒಂದು ಕಾರ್ಖಾನೆ ತೆರೆದಿದ್ದನು. ಅವನ ತಂದೆಯೂ ಬ್ರಫ್ ಎಂಬ ಹೆಸರಿನಲ್ಲಿಯೇ ಗಾಡಿಗಳನ್ನು ಮಾಡುತ್ತಿದ್ದನು. ಮಗನು ತನ್ನ ಗಾಡಿಗೆ ಬ್ರಫ್ ಸುಪೀರಿಯರ್, ಅಂದರೆ ಮೇಲ್ತರದ ಬ್ರಫ್, ಎಂದು ಹೆಸರಿಟ್ಟಾಗ, ಹಾಗಾದರೆ ತನ್ನದು ಕೀಳ್ತರದ್ದೋ ಎಂದು ತಂದೆ ಕೇಳಿದನಂತೆ. ಈ ಗಾಡಿಗಳಲ್ಲಿ ಹೆಸರಾದುದು ಎಸ್.ಎಸ್. ೧೦೦. ಎರಡು ಎಸ್‌ಗಳಿಗೆ ಸೂಪರ್ ಸ್ಪೋರ್ಟ್ಸ್ ಎಂದು ಅರ್ಥ. ೧೦೦ ಎಂಬುದು ವೇಗದ ಲೆಕ್ಕ: ಗಂಟೆಗೆ ನೂರು ಮೈಲಿ, ಅಂದರೆ ಸುಮಾರು ೧೬೦ ಕಿಲೋಮೀಟರು ಓಡಿತೆಂದು ಕಾರ್ಖಾನೆಯವರು ಲಿಖಿತ ಭರವಸೆಯನ್ನು ಕೊಡುತ್ತಿದ್ದರು. ೧೯೨೨ರಿಂದ ಮೊದಲ್ಗೊಂಡು ಲಾರೆನ್ಸನು ಒಂದಾದ ಮೇಲೊಂದರಂತೆ ಏಳು ಬ್ರಫ್ ಗಾಡಿಗಳನ್ನು ಇಟ್ಟುಕೊಂಡಿದ್ದನು. ರಾಜರಿಗೆ ಹೇಳುವಂತೆ ಒಂದನೆಯ ಜಾರ್ಜ್, ಎರಡನೆಯ ಜಾರ್ಜ್ ಎಂದು ಏಳನೆಯ ಜಾರ್ಜ್‌ವರೆಗೆ ಅವುಗಳಿಗೆ ಹೆಸರಿಟ್ಟನು. ಮುದ್ದಿನಿಂದ ಅವನು ಕರೆಯುತ್ತಿದ್ದ ಹೆಸರು ಬೊವನೆರ್ಗೆಸ್. ಯೇಸುವು ತನ್ನ ಶಿಷ್ಯರಾದ ಯಾಕೋಬ ಯೋಹಾನರಿಗೆ ಇಟ್ಟ ಹೆಸರಿದು. ನಮ್ಮ ಮಾತಿನಲ್ಲಿ ಸಿಡಿಲಮರಿ ಎನ್ನಬಹುದು. ಆ ಗಾಡಿಯ ಸದ್ದನ್ನು ಕೇಳಿದವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲವೆಂದು ತೋರುತ್ತದೆ.

ಇಲ್ಲಿ ಸ್ವಲ್ಪ ನಿಂತು, ಆ ಗಾಡಿಯ ಮೂಲಕವೇ ಸವಾರರ ಕೆಲವು ಮಾತುಗಳನ್ನು ಬಿಡಿಸಿ ನೋಡೋಣ. ಲಾರೆನ್ಸನ ಗಾಡಿಯದು ವಿ-ಟ್ವಿನ್ ಎಂಜಿನ್ನು. ಎರಡು ಬೆರಳುಗಳನ್ನು ಕವಲಾಗಿ ಎತ್ತಿ ಹಿಡಿದರೆ ಹೇಗೋ ಹಾಗೆ ಎರಡು ಸಿಲಿಂಡರುಗಳು ಬುಡದಲ್ಲಿ ಕೂಡಿಕೊಂಡು ಮೇಲೆ ಅಗಲಿರುತ್ತವೆ. ಇಂಗ್ಲಿಷಿನ ವಿ ಅಕ್ಷರದ ಆಕಾರ. ಸಿ.ಸಿ. ಎಂದು ನಾವು ದಿನವೂ ಹೇಳುತ್ತೇವೆ. ಪಿಸ್ಟನ್ನು ಸಿಲಿಂಡರಿನಲ್ಲಿ ಕೆಳಗಿನಿಂದ ಮೇಲಕ್ಕೆ ಸರಿದಾಗ ಎಷ್ಟು ಜಾಗವನ್ನು ಗುಡಿಸುತ್ತದೆಯೋ ಅದರ ಘನ ಸೆಂಟಿಮೀಟರಿನ ಅಳತೆಯೇ ಸಿ.ಸಿ. ನಮ್ಮೂರಿನ ರೈತನು ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಗಾಡಿ ನೂರು ಸಿ.ಸಿ.ಯದು, ಲಾರೆನ್ಸನದು ಸಾವಿರಕ್ಕೆ ಎರಡು ಕಡಮೆ. ಹಿಡಿಯನ್ನು ತಿರುವಿ ನಾವು ರೇಸ್ ಕೊಡುವುದಕ್ಕೆ ಇಂಗ್ಲಿಷಿನವರು ಥ್ರಾಟಲ್ ಎನ್ನುತ್ತಾರೆ. ಆ ಮಾತಿನ ಮೂಲದಲ್ಲಿರುವುದು ಗಂಟಲು. ಎಂಜಿನ್ನಿಗೆ ಗಾಳಿಯೂ ಪೆಟ್ರೋಲೂ ಹೋಗುವ ಗಂಟಲನ್ನು ಹಿಗ್ಗಿಸುವುದು, ಕುಗ್ಗಿಸುವುದು ಅದರ ಕೆಲಸ. ಚಳಿಗಾಲದ ಬೆಳಿಗ್ಗೆ ಎಳೆಯುವ ಚೋಕ್ ಕೂಡ ಉಸಿರುಕಟ್ಟಿಸುವುದೆಂಬ ಅರ್ಥದ್ದೇ. ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಹಿಂದಿನ ಆಸನಕ್ಕೆ ಪಿಲಿಯನ್ ಎನ್ನುವರು. ಇದು ಕುದುರೆಯ ಕಾಲದ ಮಾತು. ಜೀನಿನ ಹಿಂದೆ ಹಾಕುತ್ತಿದ್ದ ಮೆತ್ತೆಗೆ ಗೇಲಿಕ್ ಭಾಷೆಯವರು ಇಟ್ಟಿದ್ದ ಹೆಸರು. ಹೀಗೆ ಕುದುರೆ ಹೋದರೂ ಅದರ ಮೆತ್ತೆ ಉಳಿದುಕೊಂಡಿತು. ಆ ದಿನಗಳ ಬ್ರಫ್ ಗಾಡಿಯಲ್ಲಿ ಗೇರು ಬದಲಾಯಿಸುವುದು ಕಾಲಿನಿಂದಲ್ಲ, ಟ್ಯಾಂಕಿನ ಪಕ್ಕದ ಸನ್ನೆಯನ್ನು ಕೈಯಿಂದ ಹಿಡಿದು. ಅಂದರೆ ಗೇರು ಬದಲಾಯಿಸುವಾಗಲೆಲ್ಲ ಒಂದು ಕೈ ಹ್ಯಾಂಡಲ್ ಬಿಡಲೇಬೇಕಾಗುತ್ತಿತ್ತು. ಇನ್ನು ನೂರು ಮೈಲಿ ವೇಗಕ್ಕೆ ಇಂಗ್ಲೆಂಡಿನ ಸವಾರರು ಟನ್ ಎಂದು ಹೇಳುತ್ತಿದ್ದರು. ೧೯೫೦ರ ದಶಕದಲ್ಲಿ ಟನ್ ಮುಟ್ಟುವ ಹುಡುಗರೆಂದೇ ಒಂದು ಗುಂಪಿಗೆ ಹೆಸರು ಬಂದಿತು. ಚಹಾದಂಗಡಿಯಿಂದ ಚಹಾದಂಗಡಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದ ಅವರ ಗಾಡಿಗಳಿಗೆ ಕೆಫೆ ರೇಸರ್ ಎಂಬ ಹೆಸರಾಯಿತು. ಈ ಮಾತುಗಳಲ್ಲೆಲ್ಲ ವೇಗದ ಹೆಮ್ಮೆಯಿದೆ. ಬೀಳುವುದಕ್ಕೆ ಮಾತ್ರ ಸವಾರರು ಯಾವ ದೇಶದಲ್ಲಿಯೂ ಹಗುರವಾದ, ನಗೆಯ ಮಾತನ್ನೇ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿಯೂ ಗಾಡಿ ಸ್ಕಿಡ್ ಆಯಿತು ಎನ್ನುತ್ತೇವೆ. ನಾನು ಬಿದ್ದೆ ಎನ್ನುವುದಿಲ್ಲ.

ಲಾರೆನ್ಸನು ಟ್ಯಾಂಕು ದಳದಲ್ಲಿದ್ದಾಗ ಡಾರ್ಚೆಸ್ಟರಿನಲ್ಲಿದ್ದ ವೃದ್ಧ ಕಾದಂಬರಿಕಾರ ತಾಮಸ್ ಹಾರ್ಡಿಯನ್ನು ಕಾಣಲು ಈ ಗಾಡಿಯ ಮೇಲೆ ಹೋಗುತ್ತಿದ್ದನು. ನಾಟಕಕಾರ ಬರ್ನಾರ್ಡ್ ಷಾ ಮತ್ತು ಆತನ ಪತ್ನಿ ಅವನಿಗೆ ತಂದೆತಾಯಿಗಳಂತಿದ್ದರು. ಕ್ರ್ಯಾನ್‌ವೆಲ್ ಎಂಬಲ್ಲಿ ವಾಯುಸೇನೆಯ ಕೆಲಸದಲ್ಲಿದ್ದಾಗ ಸಂಜೆಯ ಹೊತ್ತು ಖಾಲಿ ರಸ್ತೆಯಲ್ಲಿ ಓಡಿಸುತ್ತ, ಮೇಲೆ ಹಾರುತ್ತಿದ್ದ ವಿಮಾನವೊಂದರೊಡನೆ ಪಂದ್ಯ ಹೂಡಿದ ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. ಆ ಪುಸ್ತಕ ಅವನು ಸತ್ತು ಇಪ್ಪತ್ತು ವರ್ಷಗಳಾದ ಮೇಲೆ, ೧೯೫೫ರಲ್ಲಿ, ಪ್ರಕಟವಾಯಿತು. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಮರೆಯುವುದಕ್ಕೆ ಅವನಿಗೆ ವೇಗವೊಂದೇ ದಾರಿಯಾಗಿತ್ತೋ ಏನೋ.

೧೯೨೭ರಿಂದ ಎರಡು ವರ್ಷ ಅವನು ಅಂದಿನ ಭಾರತಕ್ಕೆ ಸೇರಿದ್ದ ಕರಾಚಿಯಲ್ಲಿಯೂ, ಬಳಿಕ ವಾಯವ್ಯ ಗಡಿಯ ಮೀರಾನ್‌ಶಾಹದಲ್ಲಿಯೂ ಇದ್ದನು. ಅಲ್ಲಿ ಕುಳಿತು ಹೋಮರನ ಒಡಿಸ್ಸಿಯನ್ನು ಇಂಗ್ಲಿಷಿಗೆ ತರುವ ಕೆಲಸವನ್ನು ಕೈಗೊಂಡನು. ಆಫ್ಘಾನಿಸ್ಥಾನದ ಗಲಭೆಗೆ ಅವನೇ ಕಾರಣನೆಂಬ ಗಾಳಿಮಾತು ಹಬ್ಬಿದುದರಿಂದ ೧೯೨೯ರಲ್ಲಿ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಅಲ್ಲಿಂದ ಮುಂದೆ ಅವನು ಮಾಡಿದ ಕೆಲಸ ಹೆಚ್ಚು ಪ್ರಸಿದ್ಧವಲ್ಲ. ೧೯೩೧ರಲ್ಲಿ ಪ್ಲಿಮತ್ ಬಳಿ ಒಂದು ವಿಮಾನವು ಸಮುದ್ರಕ್ಕೆ ಬಿದ್ದುದನ್ನು ಅವನು ಕಣ್ಣಾರೆ ಕಂಡನು. ಮುಳುಗುವವರನ್ನು ಬೇಗನೆ ತಲುಪಬಲ್ಲ ದೋಣಿಗಳು ಸೇನೆಯಲ್ಲಿರಲಿಲ್ಲ. ವೇಗದ ಮರ್ಮವನ್ನು ಬಲ್ಲ ಲಾರೆನ್ಸನು ಹೊಸ ಬಗೆಯ ಮೋಟಾರು ದೋಣಿಗಳನ್ನು ಪರೀಕ್ಷಿಸಿ ತಿದ್ದುವ ಕೆಲಸದಲ್ಲಿ ವರ್ಷಗಟ್ಟಲೆ ಕೈಯನ್ನು ಗ್ರೀಸು ಮಾಡಿಕೊಂಡನು. ಇತರರ ಪ್ರಾಣದ ವಿಷಯದಲ್ಲಿ ಇಷ್ಟು ಯೋಚಿಸಿದವನು ತನ್ನ ತಲೆಯ ವಿಷಯದಲ್ಲಿ ಯೋಚಿಸಲಿಲ್ಲ.

೧೯೩೫ರ ಫೆಬ್ರುವರಿಯ ಕೊನೆಯಲ್ಲಿ ಅವನ ಸೇವೆ ಮುಗಿಯಿತು. ಬೋವಿಂಗ್‌ಟನ್ ಬಳಿಯ ಕ್ಲೌಡ್ಸ್ ಹಿಲ್ ಎಂಬ ತನ್ನ ಪುಟ್ಟ ಮನೆಯಲ್ಲಿ ನೆಲೆಸಿದನು. ಮೇ ೧೩ರ ಬೆಳಿಗ್ಗೆ, ಮಿತ್ರನೊಬ್ಬನನ್ನು ಊಟಕ್ಕೆ ಕರೆದು ತಂತಿ ಕೊಡಲು ಅಂಚೆ ಕಚೇರಿಗೆ ಹೋಗಿ ಮರಳುತ್ತಿದ್ದನು. ದಾರಿ ತಗ್ಗಿಳಿದು ಏರುವಂಥದು. ಆ ತಗ್ಗಿನಲ್ಲಿ ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಹೋಗುತ್ತಿದ್ದುದು ಅವನಿಗೆ ಹತ್ತಿರ ಬರುವವರೆಗೆ ಕಾಣಲಿಲ್ಲ. ಅವರನ್ನು ತಪ್ಪಿಸಲು ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದನು. ಒಂದು ಸೈಕಲ್ಲಿಗೆ ತಗಲಿ, ಹ್ಯಾಂಡಲಿನ ಮೇಲಿನಿಂದ ಎಸೆಯಲ್ಪಟ್ಟನು. ಹುಡುಗರು ಬದುಕಿದರು. ಗಾಡಿಯನ್ನು ಎತ್ತಿ ನೋಡಿದಾಗ ಅದು ಎರಡನೆಯ ಗೇರಿನಲ್ಲಿದ್ದಿತು. ಅಂದರೆ ಅದು ಟನ್ ಮುಟ್ಟಿದ ಓಟವಲ್ಲ. ಮನೆಯ ಹತ್ತಿರದ, ದಿನದಿನದ ಸಾಧಾರಣ ಓಟ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು, ಮೇ ೧೯ರಂದು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಮಾರ್ಟನ್ ಎಂಬ ಹಳ್ಳಿಯಲ್ಲಿ ನಡೆದ ಶವಸಂಸ್ಕಾರಕ್ಕೆ ಚರ್ಚಿಲನೂ ಬಂದಿದ್ದನು. ಎಂಟನೆಯ ಬ್ರಫ್ ಗಾಡಿ ಕಾರ್ಖಾನೆಯಲ್ಲಿ ಅವನಿಗಾಗಿ ತಯಾರಾಗುತ್ತಿತ್ತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಲಾರೆನ್ಸನ ಹಾಸಿಗೆಯ ಬಳಿಗೆ ಕರೆಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರಿದ್ದರು. ಆಸ್ಟ್ರೇಲಿಯದಲ್ಲಿ ಹುಟ್ಟಿ, ಅಮೆರಿಕದ ಬಾಸ್ಟನ್ನಿನಲ್ಲಿ ಹಾರ್ವೆ ಕುಷಿಂಗ್ ಎಂಬ ಮಹಾವೈದ್ಯರ ಬಳಿ ಕಲಿತವರು. ಲಾರೆನ್ಸನನ್ನು ಉಳಿಸಲು ಅವರಿಂದಾಗಲಿಲ್ಲ. ಆದರೆ ಆ ಸೋಲನ್ನು ಅವರು ಮರೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಡಾನ್ ಆರ್ ಎಂದು ಸೈನಿಕರು ಕರೆಯುತ್ತಿದ್ದ ಸುದ್ದಿ ಒಯ್ಯುವ ಮೋಟಾರ್ ಸೈಕಲ್ ಸವಾರರು ಶತ್ರುವಿನ ಗುಂಡಿಗಿಂತ ರಸ್ತೆಯ ಮೇಲಿನ ಪೆಟ್ಟಿಗೆ ಬಲಿಯಾಗುತ್ತಿದ್ದುದನ್ನು ಅವರು ಕಂಡರು. ಹೆಲ್ಮೆಟ್ಟು ಆಗ ಹೊಸದೇನೂ ಅಲ್ಲ. ೧೯೧೪ರಿಂದಲೇ ಪಂದ್ಯದ ಸವಾರರು ಅದನ್ನು ತೊಡುತ್ತಿದ್ದರು. ಸಾಮಾನ್ಯ ಸವಾರನಿಗೆ ಅದು ಬೇಕೆಂದು ಯಾರಿಗೂ ತೋರಿರಲಿಲ್ಲ. ಕೇರ್ನ್ಸರು ೧೯೪೧ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ಅವರು ಕಂಡ ಗಾಯಾಳುಗಳಲ್ಲಿ ಹೆಲ್ಮೆಟ್ಟು ಧರಿಸಿದ್ದವರು ಏಳೇ ಮಂದಿ. ಆ ಏಳು ಮಂದಿಯೂ ಬದುಕಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ಕರ್ತವ್ಯದಲ್ಲಿರುವ ಎಲ್ಲ ಸವಾರರಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಕೇರ್ನ್ಸರು ೧೯೫೨ರಲ್ಲಿ ತೀರಿಕೊಂಡರು. ಬ್ರಿಟನ್ನಿನ ನಾಗರಿಕರಿಗೆ ಆ ನಿಯಮ ಬಂದುದು ೧೯೭೩ರಲ್ಲಿ. ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಹಿಂದೆ ಕುಳಿತವನಿಗೂ ಅದು ಅನ್ವಯಿಸುತ್ತದೆ.

ಹೆಲ್ಮೆಟ್ಟಿನ ಕೆಲಸ ಸರಳವಾದುದು. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದೇ ಕಡೆ ಬೀಳಗೊಡದೆ ಹರಡುತ್ತದೆ. ಒಳಗಿನ ಥರ್ಮಾಕೋಲಿನಂಥ ಪದರವು ತಾನು ಜಜ್ಜಿಹೋಗಿ ತಲೆಗೆ ತಾಗುವ ಪೆಟ್ಟನ್ನು ತಗ್ಗಿಸುತ್ತದೆ. ಆದ್ದರಿಂದ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ತೊಡಬಾರದು. ಗದ್ದದ ಪಟ್ಟಿಯನ್ನು ಬಿಗಿಯದಿದ್ದರೆ ಬೀಳುವಾಗ ಹೆಲ್ಮೆಟ್ಟು ಒಂದು ಕಡೆ, ತಲೆ ಒಂದು ಕಡೆ. ನಮ್ಮ ಹುಡುಗರು ಟೋಪಿಯೆಂದು ಕರೆಯುವ, ಪೊಲೀಸರಿಗೆ ತೋರಿಸಲೆಂದೇ ಇರುವ ಹಗುರ ಚಿಪ್ಪು ಹೆಸರಿಗೆ ತಕ್ಕಂತೆ ಬರಿಯ ಟೋಪಿ.

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಸೇರಿದ್ದರಿಂದಲೇ ನಾನು ಓದುವಂತಾಯಿತು. ಕಂತಿನ ಮೇಲೆ ಅವನು ಒಂದು ಗಾಡಿ ತೆಗೆದುಕೊಂಡಿದ್ದನು. ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದಾಗ ಒಂದು ಸಂಜೆ, ನನ್ನನ್ನು ಬಸ್ ನಿಲ್ದಾಣದಿಂದ ಕರೆತರಲು ಬರುತ್ತಿದ್ದವನು, ಊರ ಕೆರೆ ಏರಿಯ ತಿರುವಿನಲ್ಲಿ ಅಡ್ಡ ಬಂದ ಕರುವನ್ನು ತಪ್ಪಿಸಲು ಹೋಗಿ ಬಿದ್ದನು. ವೇಗವೇನೂ ಇರಲಿಲ್ಲ. ಹೆಲ್ಮೆಟ್ಟು ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಅರ್ಧ ಮೈಲಿಗೆ ಏಕೆಂದು ಬಿಟ್ಟುಬಂದಿದ್ದನು. ಕರು ಬದುಕಿತು. ಅಣ್ಣನೂ ಬದುಕಿದನು. ಆದರೆ ಈಗ ಅವನಿಗೆ ಮಾತು ತಡವಾಗಿ ಬರುತ್ತದೆ. ತೂಗುಗುಂಡು ಹಿಡಿದು ಗೋಡೆ ಎತ್ತುತ್ತಿದ್ದ ಕೈ ನಡುಗುತ್ತದೆ. ಪರೀಕ್ಷೆಯ ಫೀಸಿಗೆ ಈಗ ನಮ್ಮವ್ವ ಕೂಲಿಗೆ ಹೋಗುತ್ತಾಳೆ. ಆ ಗಾಡಿಯನ್ನು ನಾವು ಮಾರಿದೆವು, ಹೆಲ್ಮೆಟ್ಟನ್ನು ಮಾರಲಿಲ್ಲ.

ಸಿಡಿಲಮರಿಯನ್ನೇರಿದ ಲಾರೆನ್ಸನು ದೊಡ್ಡವನು, ಓದಿದವನು. ನಮ್ಮಣ್ಣ ಯಾವ ಪುಸ್ತಕದಲ್ಲಿಯೂ ಬರುವವನಲ್ಲ. ಆದರೆ ಇಬ್ಬರೂ ಬಿದ್ದದ್ದು ಮನೆಯ ಹತ್ತಿರ, ಇನ್ನೊಂದು ಜೀವವನ್ನು ತಪ್ಪಿಸಲು ಹೋಗಿ, ಬರಿಯ ತಲೆಯಲ್ಲಿ. ಲಾರೆನ್ಸನ ಕಾಲದಲ್ಲಿ ಹೇಳುವವರಿರಲಿಲ್ಲ. ನಮಗೆ ಕೇರ್ನ್ಸರು ಹೇಳಿ ಎಂಬತ್ತು ವರ್ಷಗಳು ಕಳೆದಿವೆ. ಬೇವಿನ ಮರದಡಿಯ ಮಿತ್ರರಲ್ಲಿ ನನ್ನದೊಂದು ಬೇಡಿಕೆಯಿದೆ. ಪಿಕಪ್ ಬಗ್ಗೆ ಮಾತಾಡಿರಿ, ಸಿ.ಸಿ. ಬಗ್ಗೆ ವಾದಿಸಿರಿ, ಅದರ ಸಂತೋಷವನ್ನು ನಾನೂ ಬಲ್ಲೆ. ಹೊರಡುವಾಗ ಮಾತ್ರ ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಗದ್ದದ ಪಟ್ಟಿಯನ್ನು ಬಿಗಿಯಿರಿ. ಮನೆ ಅರ್ಧ ಮೈಲಿಯಿದ್ದರೂ ಸರಿಯೇ.

— ಒಬ್ಬ ಅಂತಿಮ ಬಿ.ಎ. ವಿದ್ಯಾರ್ಥಿ